ಬ್ರಿಸ್ಟಲ್‌ನ ಎಂಪಿಗಳು, 1295ರಿಂದ ಇಲ್ಲಿಯವರೆಗೆ: ಗೆದ್ದವರು ಊರಿನ ಮಾತು ಕೇಳಬೇಕಿತ್ತಾ?

ದಾಖಲೆ ಪ್ರಿಯ
ಪೊಲಿಟಿಕಲ್ ಸೈನ್ಸ್ ಓದಿದವರಿಗೆಲ್ಲ 18ನೇ ಶತಮಾನದ ಬ್ರಿಟಿಷ್ ರಾಜಕಾರಣಿ ಎಡ್ಮಂಡ್ ಬರ್ಕ್ ಗೊತ್ತು. 1774ರ ನವೆಂಬರ್ 3ರಂದು, ಇಂಗ್ಲೆಂಡಿನ ಬಂದರು ಊರು ಬ್ರಿಸ್ಟಲ್‌ನಲ್ಲಿ ಗೆದ್ದ ಖುಷಿಯಲ್ಲಿ ಜನ ಸೇರಿದ್ದಾಗ ಅವನು ಹೇಳಿದ್ದರ ಸಾರ ಇಷ್ಟು: 'ನೀವು ನನ್ನನ್ನ ಆರಿಸಿದ್ದೀರಿ ನಿಜ. ಆದರೆ ಆರಿಸಿದ ಮೇಲೆ ನಾನು ಬ್ರಿಸ್ಟಲ್‌ನ ಸದಸ್ಯ ಅಲ್ಲ, ಪಾರ್ಲಿಮೆಂಟಿನ ಸದಸ್ಯ. ನಿಮ್ಮ ಅಭಿಪ್ರಾಯ ಕೇಳ್ತೀನಿ, ನಿಮ್ಮ ಅಪ್ಪಣೆ ಪಾಲಿಸಲ್ಲ.' ಪಾಠ ಇಲ್ಲಿಗೆ ನಿಲ್ಲುತ್ತೆ. ಆಮೇಲೆ ಆ ಊರು ಏನು ಮಾಡಿತು, ಅದಕ್ಕೆ ಮುಂಚೆ ಅಲ್ಲಿಂದ ಯಾರು ಹೋಗ್ತಿದ್ದರು, ಈಗ ಯಾರಿದ್ದಾರೆ ಅಂತ ಯಾರೂ ಹೇಳಲ್ಲ. ನಾನು ಕೆಲವು ದಿನದಿಂದ ಇದನ್ನೇ ಓದ್ತಾ ಇದ್ದೀನಿ.

ಮೊದಲು ಹಳೇ ಕಥೆ. 1295ರಲ್ಲಿ ಒಂದನೇ ಎಡ್ವರ್ಡ್ ಕರೆದ ಪಾರ್ಲಿಮೆಂಟಿನ ಕಾಲದಿಂದ ಬ್ರಿಸ್ಟಲ್‌ಗೆ ಇಬ್ಬರು ಎಂಪಿಗಳು. ಇದು 1885ರವರೆಗೂ ಹಾಗೇ ಇತ್ತು, ಹತ್ತಿರ ಹತ್ತಿರ 600 ವರ್ಷ! ಏವನ್ ನದಿ ಊರನ್ನ ಎರಡು ಕೌಂಟಿಗೆ ಹಂಚಿತ್ತು. ಆ ದಡ ಸಾಮರ್‌ಸೆಟ್, ಈ ದಡ ಗ್ಲಾಸ್ಟರ್‌ಶೈರ್. ಕೋರ್ಟು ಕಚೇರಿ ಕೆಲಸಕ್ಕೆ ಒಂದು ದಡದವರು ಇಲ್‌ಚೆಸ್ಟರ್‌ಗೆ, ಇನ್ನೊಂದು ದಡದವರು ಗ್ಲಾಸ್ಟರ್‌ಗೆ ಅಲೆಯಬೇಕಿತ್ತು. 1373ರಲ್ಲಿ ಮೂರನೇ ಎಡ್ವರ್ಡ್ ಬ್ರಿಸ್ಟಲ್ಲನ್ನೇ ಪ್ರತ್ಯೇಕ ಕೌಂಟಿ ಮಾಡಿದ. ಲಂಡನ್ ಬಿಟ್ಟರೆ ಈ ಸ್ಥಾನ ಸಿಕ್ಕ ಮೊದಲ ಊರು ಇದೇ. ಇದರಿಂದ ಮುಂದೆ ಒಂದು ಅನುಕೂಲ ಆಯ್ತು. ಊರಿನ ಫ್ರೀಮನ್‌ಗಳ ಜೊತೆಗೆ, ವರ್ಷಕ್ಕೆ 40 ಶಿಲ್ಲಿಂಗ್ ಹುಟ್ಟುವಳಿಯ ಸ್ವಂತ ಆಸ್ತಿ ಇದ್ದವರಿಗೂ ಇಲ್ಲಿ ಓಟು ಸಿಕ್ಕಿತು. ಬರ್ಕ್ ಕಾಲಕ್ಕೆ ಮತದಾರರು ಸುಮಾರು 5 ಸಾವಿರ. ಆಗಿನ ಇಂಗ್ಲೆಂಡಿನಲ್ಲಿ ಇದು ದೊಡ್ಡ ಕ್ಷೇತ್ರ.

ಸುಮ್ನೆ ಕೇಳ್ದೆ
ಫ್ರೀಮನ್ ಅಂದ್ರೆ ಯಾರು? ಗುಲಾಮ ಅಲ್ಲದವರು ಅಂತಾನಾ?

ದಾಖಲೆ ಪ್ರಿಯ
ಅಲ್ಲ. ಊರಿನಲ್ಲಿ ವ್ಯಾಪಾರ ಮಾಡೋಕೆ, ಕಸುಬು ನಡೆಸೋಕೆ ಹಕ್ಕು ಇದ್ದವರು. ಅಪ್ಪ ಫ್ರೀಮನ್ ಆಗಿದ್ದರೆ ಮಗನಿಗೆ ಬರುತ್ತೆ. ಫ್ರೀಮನ್ ಒಬ್ಬರ ಕೈಕೆಳಗೆ 7 ವರ್ಷ ಕಸುಬು ಕಲಿತರೆ ಸಿಗುತ್ತೆ. ದುಡ್ಡು ಕಟ್ಟಿಯೂ ತಗೋಬಹುದಿತ್ತು. ಬ್ರಿಸ್ಟಲ್‌ನಲ್ಲಿ ಇನ್ನೊಂದು ದಾರಿ ಇತ್ತು. ಫ್ರೀಮನ್ ಮಗಳನ್ನೋ ವಿಧವೆಯನ್ನೋ ಮದುವೆಯಾದರೆ ಗಂಡನಿಗೆ ಆ ಹಕ್ಕು ಬರ್ತಿತ್ತು. ಅವಳಿಗೆ ಮಾತ್ರ ಓಟಿಲ್ಲ!

ಚುನಾವಣೆ ಹತ್ತಿರ ಬಂದಾಗ ಮದುವೆಗಳು ದಿಢೀರ್ ಅಂತ ಜಾಸ್ತಿ ಆಗ್ತಿದ್ದವು ಅಂತ ಕಥೆಗಳಿವೆ. ಓಟು ಹಾಕಿ ಬಂದ ಮೇಲೆ ಗಂಡ ಹೆಂಡತಿ ಸ್ಮಶಾನದಲ್ಲಿ ಒಂದು ಗೋರಿಯ ಆಚೆ ಈಚೆ ನಿಂತು, 'ಸಾವು ನಮ್ಮನ್ನ ಬೇರೆ ಮಾಡಿತು' ಅಂತ ಹೇಳಿ ಅವರವರ ದಾರಿ ಹಿಡೀತಿದ್ದರಂತೆ. ಕಾನೂನಿನಲ್ಲಿ ಇದು ನಡೆಯೋ ಮಾತಲ್ಲ. ಓಟಿಗೋಸ್ಕರ ಮದುವೆ ನಡೀತಿತ್ತು ಅನ್ನೋದಂತೂ ನಂಬುವ ಹಾಗೇ ಇದೆ.

ಮೈಸೂರು ಮೇಷ್ಟ್ರು
ಚೆನ್ನಾಗಿ ಶುರು ಮಾಡಿದ್ದೀರಿ. ಬರ್ಕ್‌ಗೆ ಹೋಗೋ ಮುಂಚೆ 15ನೇ ಶತಮಾನದ ಒಬ್ಬನನ್ನ ಸೇರಿಸಿಕೊಳ್ಳಿ, ಥಾಮಸ್ ಯಂಗ್. ಬ್ರಿಸ್ಟಲ್‌ನ ಎಂಪಿ, ವಕೀಲ. 1451ರಲ್ಲಿ ರಾಜ ಆರನೇ ಹೆನ್ರಿಗೆ ಇನ್ನೂ ಮಕ್ಕಳಿರಲಿಲ್ಲ. ಯಾರ್ಕ್‌ನ ಡ್ಯೂಕ್‌ನನ್ನ ಉತ್ತರಾಧಿಕಾರಿ ಅಂತ ಘೋಷಿಸಬೇಕು ಅಂತ ಯಂಗ್ ಸದನದಲ್ಲೇ ಎದ್ದು ನಿಂತು ಹೇಳಿದ. ಸೀದಾ ಲಂಡನ್ ಟವರ್‌ಗೆ ಹಾಕಿದರು. ಯಾರ್ಕ್ ಕಡೆಯವರ ಕೈ ಮೇಲಾದಾಗ, 1455ರಲ್ಲಿ, ತನಗೆ ಪರಿಹಾರ ಕೊಡಿ ಅಂತ ಅರ್ಜಿ ಹಾಕಿದ. ಸದನದಲ್ಲಿ ಆಡಿದ ಮಾತಿಗೆ ಸದಸ್ಯನನ್ನ ಹಿಡಿದು ಶಿಕ್ಷಿಸೋ ಹಾಗಿಲ್ಲ, ಇದು ಹಿಂದಿನಿಂದ ಬಂದ ಹಕ್ಕು ಅನ್ನೋದು ಅವನ ವಾದ. ನಮ್ಮ ಸಂವಿಧಾನದ 105ನೇ ವಿಧಿ ಪಾಠ ಮಾಡುವಾಗ ನಾನು ಪ್ರತಿ ಸಲ ಈ ಮನುಷ್ಯನ ಕಥೆ ಹೇಳ್ತಿದ್ದೆ.

ಯಂಗ್‌ನ ಮಲಸಹೋದರ ವಿಲಿಯಂ ಕ್ಯಾನಿಂಜಸ್ ಕೂಡ ಬ್ರಿಸ್ಟಲ್‌ನ ಎಂಪಿ ಆಗಿದ್ದವನು. ಹಡಗುಗಳ ದೊಡ್ಡ ಮಾಲೀಕ. ಆ ಕಾಲದಲ್ಲಿ ಪಟ್ಟಣಗಳ ಎಂಪಿಗೆ ದಿನಕ್ಕೆ 2 ಶಿಲ್ಲಿಂಗ್ ಭತ್ಯೆ, ಅದನ್ನ ಕೊಡಬೇಕಾದ್ದು ಊರಿನವರೇ. ನಮ್ಮ ದುಡ್ಡು ತಗೊಂಡು ಹೋದವನು ನಮ್ಮ ಕೆಲಸ ಮಾಡಿಕೊಂಡು ಬರಲಿ ಅನ್ನೋ ನಿರೀಕ್ಷೆ ಸಹಜ ಅಲ್ವಾ? ಬರ್ಕ್ ತಿರುಗಿಬಿದ್ದಿದ್ದು ಇಂಥ ಹಳೇ ರೂಢಿಯ ವಿರುದ್ಧ.

ಮಲ್ನಾಡ್ ಮಳೆ
ಮೇಷ್ಟ್ರೇ, ಬರ್ಕ್‌ನನ್ನ ಇಷ್ಟು ಬೇಗ ಹೊಗಳಬೇಡಿ. 'ನಿಮ್ಮ ಮಾತು ಕೇಳಲ್ಲ' ಅಂತ ಗೆದ್ದ ದಿನವೇ ಹೇಳೋದು ಧೈರ್ಯವೋ ಅಹಂಕಾರವೋ? ಅವನು ಆ ಊರಿನವನೇ ಅಲ್ಲ.

ದಾಖಲೆ ಪ್ರಿಯ
ಊರಿನವನಲ್ಲ, ಡಬ್ಲಿನ್‌ನವನು. 1774ರಲ್ಲಿ ಅವನ ಹಳೇ ಸೀಟು ಕೈತಪ್ಪಿತ್ತು. ಅವನ ನಾಯಕ ರಾಕಿಂಗ್‌ಹ್ಯಾಮ್ ತನ್ನ ಹಿಡಿತದಲ್ಲಿದ್ದ ಮಾಲ್ಟನ್‌ನಿಂದ ಆರಿಸಿಯೂ ಆಗಿತ್ತು. ಅಷ್ಟರಲ್ಲಿ ಬ್ರಿಸ್ಟಲ್‌ನಿಂದ ಕರೆ ಬಂತು. ಅಲ್ಲಿ ಲಾರ್ಡ್ ಕ್ಲೇರ್ ಅನ್ನೋ ಹಾಲಿ ಎಂಪಿ ಶುರುವಿನಲ್ಲೇ ಸೋಲು ಕಂಡು ಹಿಂದೆ ಸರಿದಿದ್ದ. ಓಟು ನಡೀತಿರುವಾಗಲೇ ಬರ್ಕ್ ಯಾರ್ಕ್‌ಶೈರ್‌ನಿಂದ ಕುದುರೆಗಾಡಿಯಲ್ಲಿ ಓಡಿ ಬಂದ. ಆಗ ಓಟು ಒಂದು ದಿನದ ಕೆಲಸ ಅಲ್ಲ, ಮೂರು ವಾರ ಮೀರಿ ನಡೀತು. ಎಲ್ಲ ಬಹಿರಂಗ. ಮೊದಲ ಸ್ಥಾನ ಹೆನ್ರಿ ಕ್ರೂಗರ್‌ಗೆ, 3565 ಓಟು. ಬರ್ಕ್‌ಗೆ 2707, ಮೂರನೆಯ ಬ್ರಿಕ್‌ಡೇಲ್‌ಗೆ 2456. ಇಬ್ಬರನ್ನ ಆರಿಸೋದಾದ್ದರಿಂದ ಬರ್ಕ್ 251 ಓಟಿನಲ್ಲಿ ಒಳಗೆ ಹೋದ.

ಕ್ರೂಗರ್ ಕೂಡ ಹೊರಗಿನವನೇ, ನ್ಯೂಯಾರ್ಕಿನಲ್ಲಿ ಹುಟ್ಟಿದವನು! ಆದರೆ ಬ್ರಿಸ್ಟಲ್‌ನಲ್ಲೇ ವ್ಯಾಪಾರ, ಅಲ್ಲೇ ಮನೆ. ಅಂದು ಅವನು ಮೊದಲು ಮಾತಾಡಿ, ಮತದಾರರ ಸೂಚನೆಯ ಪ್ರಕಾರ ನಡೀತೀನಿ ಅಂದ. ಬರ್ಕ್‌ನ ಭಾಷಣ ಪಕ್ಕದಲ್ಲೇ ನಿಂತಿದ್ದ ಈ ಜೊತೆಗಾರನಿಗೆ ಕೊಟ್ಟ ಉತ್ತರ. ನಾವು ಅದನ್ನ ಶುದ್ಧ ತತ್ವಶಾಸ್ತ್ರ ಅಂತ ಓದ್ತೀವಿ. ಕ್ರೂಗರ್ ಆಮೇಲೆ ಅಮೆರಿಕಕ್ಕೆ ವಾಪಸ್ ಹೋಗಿ ನ್ಯೂಯಾರ್ಕ್ ರಾಜ್ಯದ ಸೆನೆಟ್ ಸದಸ್ಯನೂ ಆದ. ಎರಡು ಕಡೆಯೂ ಶಾಸಕ! ಪಠ್ಯಪುಸ್ತಕ ಅವನನ್ನ ಮರೆತಿದೆ. ಮಾತು ಕೇಳ್ತೀನಿ ಅಂದವನನ್ನ ಯಾರು ನೆನಪಿಟ್ಟುಕೊಳ್ತಾರೆ?

ಲೆಕ್ಕದ ಪುಸ್ತಕ
ಬರ್ಕ್ ಆಮೇಲೆ ಏನಾದ, ಅದನ್ನ ಹೇಳಿ.

ದಾಖಲೆ ಪ್ರಿಯ
6 ವರ್ಷಕ್ಕೆ ಮುಗೀತು. ಐರ್ಲೆಂಡಿನ ವ್ಯಾಪಾರದ ಮೇಲಿನ ನಿರ್ಬಂಧ ಸಡಿಲಿಸಬೇಕು ಅಂದ. ಬ್ರಿಸ್ಟಲ್ ವ್ಯಾಪಾರಿಗಳಿಗೆ ಅದು ನೇರ ಪೆಟ್ಟು. ಕ್ಯಾಥೊಲಿಕರಿಗೆ ಸ್ವಲ್ಪ ಹಕ್ಕು ಕೊಡಬೇಕು ಅಂದ. ಸಾಲ ತೀರಿಸಲಾಗದೆ ಜೈಲಲ್ಲಿ ಕೊಳೀತಿದ್ದವರಿಗೆ ಪರಿಹಾರ ಬೇಕು ಅಂದ. ಸಾಲ ಕೊಟ್ಟ ಅಂಗಡಿಯವರು ಸುಮ್ನಿರ್ತಾರಾ? ಮೇಲಿಂದ, ಮನುಷ್ಯ ಕ್ಷೇತ್ರದ ಕಡೆ ಬರೋದೇ ಅಪರೂಪ. 1780ರ ಸೆಪ್ಟೆಂಬರ್ 6ರಂದು ಗಿಲ್ಡ್‌ಹಾಲ್‌ನಲ್ಲಿ ಒಂದೊಂದು ಆರೋಪಕ್ಕೂ ಉದ್ದುದ್ದ ಉತ್ತರ ಕೊಟ್ಟ. ಎರಡೇ ದಿನಕ್ಕೆ ಎದುರಾಳಿಗಳಲ್ಲಿ ಒಬ್ಬನಾದ ರಿಚರ್ಡ್ ಕೂಂಬ್ ತೀರಿಕೊಂಡ. ಮರುದಿನ, 9ನೇ ತಾರೀಖು, ಬರ್ಕ್ ಕಣದಿಂದ ಹಿಂದೆ ಸರಿದ. ನಾವೂ ನೆರಳು, ಬೆನ್ನಟ್ಟೋದೂ ನೆರಳನ್ನೇ ಅಂತ ಹೇಳಿದ್ದು ಆವತ್ತೇ.

ರಾಕಿಂಗ್‌ಹ್ಯಾಮ್ ಮತ್ತೆ ಮಾಲ್ಟನ್ ಸೀಟು ಕೊಟ್ಟ. ಐದು ಸಾವಿರ ಜನ ಓಟು ಹಾಕೋ ಊರು ಬೇಡ ಅಂದಿತು, ಒಬ್ಬ ಧಣಿಯ ಜೇಬಿನಲ್ಲಿದ್ದ ಊರು ಕರೆದುಕೊಂಡಿತು. ಸ್ವತಂತ್ರವಾಗಿ ಯೋಚಿಸೋ ಎಂಪಿ ಉಳಿದುಕೊಂಡಿದ್ದು ಅಂಥ ಸೀಟಿನಿಂದ. ಮೇಷ್ಟ್ರು ಏನಂತೀರಿ?

ಮೈಸೂರು ಮೇಷ್ಟ್ರು
ನಿಮ್ಮ ಕುಟುಕು ಅರ್ಥ ಆಯ್ತು. ಆದರೆ ಆ ಜೇಬಿನ ಸೀಟಿನಿಂದಲೇ ಅವನು ಈಸ್ಟ್ ಇಂಡಿಯಾ ಕಂಪನಿಯ ಬೆನ್ನು ಹತ್ತಿದ. ವಾರನ್ ಹೇಸ್ಟಿಂಗ್ಸ್ ಮೇಲೆ ಮಹಾಭಿಯೋಗ ನಡೆದಿದ್ದು 1788ರಿಂದ 1795ರವರೆಗೆ. ಹೇಸ್ಟಿಂಗ್ಸ್ ಖುಲಾಸೆ ಆದ, ಅದು ಬೇರೆ ಮಾತು. ಬ್ರಿಸ್ಟಲ್ ವ್ಯಾಪಾರಿಗಳ ಕೈಯಲ್ಲೇ ಇದ್ದಿದ್ದರೆ ಅವನಿಗೆ ಅಷ್ಟು ಪುರುಸೊತ್ತು ಸಿಗ್ತಿತ್ತಾ?

ಇನ್ನೊಂದು ವಿಷಯ, ನಮ್ಮ ಕಡೆಯದು. ಬರ್ಕ್ ಬ್ರಿಸ್ಟಲ್‌ನಲ್ಲಿ ಕೈಚೆಲ್ಲಿದ್ದು 1780ರ ಸೆಪ್ಟೆಂಬರ್ 9ಕ್ಕೆ ಅಂದಿರಿ. ಮರುದಿನವೇ, 10ನೇ ತಾರೀಖು, ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೇನೆ ಕರ್ನಲ್ ಬೇಲಿಯ ತುಕಡಿಯನ್ನ ಮುರಿದು ಹಾಕಿತು. ಎರಡಕ್ಕೂ ಸಂಬಂಧ ಇಲ್ಲ, ತಾರೀಖಿನ ಕಾಕತಾಳೀಯ ಅಷ್ಟೇ. ಆದರೆ 1785ರ ಫೆಬ್ರವರಿ 28ರಂದು, ಆರ್ಕಾಟ್ ನವಾಬನ ಸಾಲದ ಮೇಲೆ ಬರ್ಕ್ ಮಾಡಿದ ಭಾಷಣದಲ್ಲಿ ಹೈದರ್ ಘಟ್ಟ ಇಳಿದು ಕರ್ನಾಟಿಕ್ (ಆರ್ಕಾಟ್ ನವಾಬನ ಸೀಮೆ, ಈಗಿನ ತಮಿಳುನಾಡಿನ ಕಡೆ) ಮೇಲೆ ಎರಗಿದ ಚಿತ್ರ ಬರುತ್ತೆ. ಬೆಟ್ಟದ ನೆತ್ತಿಯಲ್ಲಿ ಮೋಡ ಕವಿದು ನಿಂತು, ಒಮ್ಮೆಗೇ ಬಯಲ ಮೇಲೆ ಸುರಿದ ಹಾಗೆ ಬಣ್ಣಿಸ್ತಾನೆ. ಹೈದರ್‌ನನ್ನ ಹೊಗಳೋದು ಅವನ ಉದ್ದೇಶ ಅಲ್ಲ. ಈ ಬೆಂಕಿ ಹಚ್ಚಿಕೊಂಡಿದ್ದು ಸಾಲ ಕೊಟ್ಟು ಕೊಬ್ಬಿದ ಕಂಪನಿಯವರ ದುರಾಸೆ ಅನ್ನೋದು ಅವನ ವಾದ.

ಮಲ್ನಾಡ್ ಮಳೆ
ಸರಿ ಮೇಷ್ಟ್ರೇ. ಆದರೆ ಒಂದು ದೊಡ್ಡ ವಿಷಯವನ್ನ ನೀವಿಬ್ಬರೂ ದಾಟಿಕೊಂಡು ಹೋದಿರಿ. ಬ್ರಿಸ್ಟಲ್ ಗುಲಾಮರ ವ್ಯಾಪಾರದ ಬಂದರು. 1730ರ ದಶಕದಲ್ಲಿ ಇಡೀ ಬ್ರಿಟನ್ನಿನಲ್ಲಿ ಅದೇ ಮುಂದೆ. ಆ ಊರಿನ 'ಮತದಾರರ ಸೂಚನೆ' ಅಂದ್ರೆ ಏನು ಗೊತ್ತಾ? ಸಕ್ಕರೆ, ತಂಬಾಕು, ಗುಲಾಮರ ಹಡಗು, ಇವಕ್ಕೆ ತೊಂದರೆ ಆಗದ ಹಾಗೆ ನೋಡ್ಕೋ ಅಂತ. ಎಡ್ವರ್ಡ್ ಕೋಲ್‌ಸ್ಟನ್ 1710ರಿಂದ 1713ರವರೆಗೆ ಇದೇ ಊರಿನ ಎಂಪಿ. ಗುಲಾಮರನ್ನ ಸಾಗಿಸ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯ ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು. 2020ರ ಜೂನ್ 7ರಂದು ಜನ ಹಗ್ಗ ಕಟ್ಟಿ ಬೀಳಿಸಿ, ಉರುಳಿಸಿಕೊಂಡು ಹೋಗಿ ಬಂದರಿನ ನೀರಿಗೆ ತಳ್ಳಿದ್ದು ಅವನದೇ ಪ್ರತಿಮೆ.

ಜೇಮ್ಸ್ ಇವಾನ್ ಬೇಲಿ ಅಂತ ಇನ್ನೊಬ್ಬ, 1830ರಲ್ಲಿ ಗೆದ್ದವನು. ವೆಸ್ಟ್ ಇಂಡೀಸ್ ವ್ಯಾಪಾರಿ. ಗುಲಾಮಗಿರಿ ವಿರೋಧಿಸಿದ ಪ್ರೊಥೆರೋನನ್ನ ಸೋಲಿಸಿ ಹೋದ. ಇಬ್ಬರೂ ಒಂದೇ ಪಕ್ಷದವರು, ಸುಧಾರಣೆಯ ಕಡೆ ಒಲವಿದ್ದ ವಿಗ್ ಪಕ್ಷ! 1833ರಲ್ಲಿ ಗುಲಾಮಗಿರಿ ರದ್ದು ಮಾಡಿದಾಗ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟರಲ್ಲ, ಆ ಪಟ್ಟಿಯಲ್ಲಿ ಈ ಬೇಲಿಯೂ ಇದ್ದಾನೆ. ಗುಲಾಮರಿಗೆ ಒಂದು ಪೈಸೆ ಇಲ್ಲ.

ದಾಖಲೆ ಪ್ರಿಯ
ಒಪ್ಪಿದೆ. ನನಗೂ ಓದ್ತಾ ಓದ್ತಾ ಅನ್ನಿಸಿದ್ದು ಇದೇ. 'ಊರಿನ ಮಾತು ಕೇಳಬೇಕಾ' ಅನ್ನೋ ಪ್ರಶ್ನೆಗೆ ಮುಂಚೆ 'ಊರು ಅಂದ್ರೆ ಯಾರು' ಅಂತ ಕೇಳಬೇಕು. ಬರ್ಕ್ ಜಗಳ ಆಡಿದ್ದು ಆಸ್ತಿ, ಕಸುಬು ಇದ್ದ ಐದು ಸಾವಿರ ಗಂಡಸರ ಜೊತೆ. ಹೆಂಗಸರು, ಬಂದರಿನ ಕೂಲಿಗಳು, ಅವರ ಹಡಗಿನಲ್ಲಿ ಸಾಗಿಸಲ್ಪಟ್ಟವರು, ಯಾರೂ ಆ ಲೆಕ್ಕದಲ್ಲಿಲ್ಲ. ಮುಂದಿನ 200 ವರ್ಷದ ಕಥೆಯೆಲ್ಲ ಈ ಲೆಕ್ಕಕ್ಕೆ ಹೊಸಬರು ನುಗ್ಗಿದ ಕಥೆ. ನುಗ್ಗಿದ್ದು ಅನ್ನೋ ಮಾತನ್ನ ಬೇಕಂತಲೇ ಬಳಸಿದ್ದೀನಿ, ಯಾಕಂದ್ರೆ ಈಗ 1831.

ಆ ವರ್ಷದ ಅಕ್ಟೋಬರ್ 8ರಂದು ಲಾರ್ಡ್ಸ್ ಸಭೆ, ಅಂದ್ರೆ ಪಾರ್ಲಿಮೆಂಟಿನ ಮೇಲ್ಮನೆ, ಸುಧಾರಣಾ ಮಸೂದೆಯನ್ನ ತಿರಸ್ಕರಿಸಿತು. ಸಣ್ಣ ಸಣ್ಣ ಊರುಗಳ ಸೀಟು ತೆಗೆದು, ಹೆಚ್ಚು ಜನಕ್ಕೆ ಓಟು ಕೊಡೋ ಮಸೂದೆ ಅದು. ಸರ್ ಚಾರ್ಲ್ಸ್ ವೆದರೆಲ್ ಮಸೂದೆಯ ಕಡುವೈರಿ. ಅವನು ಬ್ರಿಸ್ಟಲ್‌ನ ರಿಕಾರ್ಡರ್, ಅಂದ್ರೆ ಅಲ್ಲಿನ ನ್ಯಾಯಾಧೀಶ. ಎಂಪಿ ಮಾತ್ರ ಬರೋಬ್ರಿಜ್‌ನಿಂದ. ಬೆರಳೆಣಿಕೆಯ ಓಟಿನ ಊರು, ಮಸೂದೆ ಪಾಸಾದರೆ ಮೊದಲು ಅಳಿದು ಹೋಗೋ ಸೀಟುಗಳಲ್ಲಿ ಅದೂ ಒಂದು. ಬ್ರಿಸ್ಟಲ್ ಜನಕ್ಕೆ ಸುಧಾರಣೆ ಬೇಕಿಲ್ಲ ಅಂತ ಇವನು ಸದನದಲ್ಲಿ ಹೇಳಿದ. ಅದೇ ವರ್ಷ ಬ್ರಿಸ್ಟಲ್ ಸುಧಾರಣೆಯ ಪರ ಇದ್ದ ಇಬ್ಬರನ್ನೇ ಗೆಲ್ಲಿಸಿ ಕಳಿಸಿತ್ತು. ಅವರಲ್ಲಿ ಒಬ್ಬ ಹಿಂದಿನ ಸಲ ಸೋತ ಪ್ರೊಥೆರೋ, ಇನ್ನೊಬ್ಬ ಬೇಲಿಯೇ. ಅಕ್ಟೋಬರ್ 29ಕ್ಕೆ ವೆದರೆಲ್ ಕೋರ್ಟು ನಡೆಸೋಕೆ ಊರಿಗೆ ಬಂದ. ಜನ ಕಲ್ಲು ತೂರಿದರು. ಕ್ವೀನ್ ಸ್ಕ್ವೇರ್‌ನಲ್ಲಿದ್ದ ಮೇಯರ್ ಬಂಗಲೆಗೆ ಮುತ್ತಿಗೆ ಹಾಕಿದರು. ವೆದರೆಲ್ ವೇಷ ಮರೆಸಿಕೊಂಡು, ಮಾಡು ಹತ್ತಿ ತಪ್ಪಿಸಿಕೊಂಡ. ಮೂರು ದಿನ ಊರು ಉರಿಯಿತು. ಜೈಲು ಒಡೆದರು. ಬಿಷಪ್ ಅರಮನೆ, ಕಸ್ಟಮ್ಸ್ ಹೌಸ್, ಕ್ವೀನ್ ಸ್ಕ್ವೇರ್‌ನ ಎರಡು ಬದಿಯ ಮನೆಗಳು ಸುಟ್ಟುಹೋದವು. ಕೊನೆಗೆ ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ನಾಲ್ವರನ್ನ ಗಲ್ಲಿಗೆ ಹಾಕಿದರು. ಜನರ ಮೇಲೆ ಕತ್ತಿ ಎತ್ತೋಕೆ ಹಿಂಜರಿದ ಸೇನಾಧಿಕಾರಿ ಬ್ರೆರೆಟನ್ ಕೋರ್ಟ್ ಮಾರ್ಷಲ್ ನಡೀತಿರುವಾಗಲೇ ಗುಂಡು ಹಾರಿಸಿಕೊಂಡು ಸತ್ತ.

ಇಷ್ಟೆಲ್ಲ ಆಗಿ 1832ರಲ್ಲಿ ಕಾಯ್ದೆ ಬಂತು. ಅಕ್ಕಪಕ್ಕದ ಕ್ಲಿಫ್ಟನ್‌ನಂಥ ಜಾಗಗಳು ಕ್ಷೇತ್ರಕ್ಕೆ ಸೇರಿದವು. ಲಕ್ಷದಷ್ಟು ಜನಸಂಖ್ಯೆಗೆ ಸುಮಾರು 10 ಸಾವಿರ ಓಟು. ಹೊಸ ಕಾಯ್ದೆಯ ಮೊದಲ ಚುನಾವಣೆಯಲ್ಲಿ ಗೆದ್ದವರು ಯಾರು ಗೊತ್ತಾ? ಸುಧಾರಣೆಯನ್ನ ಹಲ್ಲು ಕಚ್ಚಿ ವಿರೋಧಿಸಿದ್ದ ಟೋರಿ ಪಕ್ಷದ ರಿಚರ್ಡ್ ವಿವಿಯನ್, ಜೊತೆಗೆ ಮತ್ತದೇ ಬೇಲಿ. ಪ್ರೊಥೆರೋ ಸೋತ!

ಏವನ್ ತೀರ
ನಾನು ಬ್ರಿಸ್ಟಲ್‌ನಲ್ಲೇ ಇರೋದು, ಊರು ದಾವಣಗೆರೆ ಕಡೆ. ಕ್ವೀನ್ ಸ್ಕ್ವೇರ್ ಈಗ ಹುಲ್ಲುಹಾಸಿನ ಪಾರ್ಕು. ಬಿಸಿಲು ಬಂದರೆ ಆಫೀಸಿನವರೆಲ್ಲ ಡಬ್ಬಿ ಬಿಚ್ಚಿ ಕೂರ್ತಾರೆ.

ಇಲ್ಲಿ ರಾಜಾ ರಾಮಮೋಹನ ರಾಯರನ್ನ ಸೇರಿಸಲೇಬೇಕು. 1831ರಲ್ಲಿ ಅವರು ಇಂಗ್ಲೆಂಡಿನಲ್ಲೇ ಇದ್ದರು. ಸುಧಾರಣಾ ಮಸೂದೆ ಬಿದ್ದುಹೋದರೆ ಈ ದೇಶದ ಜೊತೆ ಸಂಬಂಧವನ್ನೇ ಕಡಿದುಕೊಳ್ತೀನಿ ಅಂತ ಹೇಳಿಕೊಂಡಿದ್ದರು. 1833ರ ಸೆಪ್ಟೆಂಬರ್ 27ರಂದು ತೀರಿಕೊಂಡಿದ್ದು ಬ್ರಿಸ್ಟಲ್ ಹತ್ತಿರದ ಸ್ಟೇಪಲ್ಟನ್‌ನಲ್ಲಿ. ಸಮಾಧಿ ಆರ್ನೋಸ್ ವೇಲ್‌ನಲ್ಲಿದೆ, ನಮ್ಮ ಕಡೆಯ ಗುಡಿಗಳ ಹಾಗೆ ಕಂಬ, ಮೇಲೆ ಶಿಖರ. ಕಾಲೇಜ್ ಗ್ರೀನ್‌ನಲ್ಲಿ ಪ್ರತಿಮೆಯೂ ಇದೆ. ಬರ್ಕ್ ಪ್ರತಿಮೆ ಅಲ್ಲಿಂದ ಸ್ವಲ್ಪ ನಡೆದರೆ ಸಿಗುತ್ತೆ, ಒಂದು ಕೈ ಎತ್ತಿ ಭಾಷಣ ಬಿಗೀತಾ ನಿಂತಿದ್ದಾನೆ. ಅವನನ್ನ ಓಡಿಸಿದ ಊರೇ ನೂರು ವರ್ಷ ಕಳೆದ ಮೇಲೆ, 1894ರಲ್ಲಿ, ನಿಲ್ಲಿಸಿದ್ದು. ಮುಂದಿನ ವರ್ಷ ಅಲ್ಲೇ ಹತ್ತಿರ ಕೋಲ್‌ಸ್ಟನ್ ಪ್ರತಿಮೆ ನಿಲ್ಲಿಸಿದರು.

ಲೆಕ್ಕದ ಪುಸ್ತಕ
ಓಟು ಬಹಿರಂಗ ಅಂದಿರಿ. ಗುಪ್ತ ಮತದಾನ ಯಾವಾಗ ಬಂತು?

ಮೈಸೂರು ಮೇಷ್ಟ್ರು
1872ರಲ್ಲಿ. ಅಲ್ಲೂ ಬ್ರಿಸ್ಟಲ್ ಇದೆ. ಹೆನ್ರಿ ಬರ್ಕ್ಲಿ ಅನ್ನೋ ಎಂಪಿ 1837ರಿಂದ 1870ರವರೆಗೆ ಈ ಊರಿನ ಪ್ರತಿನಿಧಿ. ಗುಪ್ತ ಮತದಾನ ಬೇಕು ಅಂತ ವರ್ಷ ವರ್ಷ ನಿರ್ಣಯ ತರೋನು. ಸದನದವರು ನಗೋರು, ಸೋಲಿಸೋರು. ಮುಂದಿನ ವರ್ಷ ಮತ್ತೆ ಎದ್ದು ನಿಲ್ಲೋನು. 1870ರಲ್ಲಿ ಸತ್ತ, ಎರಡು ವರ್ಷಕ್ಕೆ ಕಾಯ್ದೆ ಬಂತು.

ಅವನು ಸತ್ತ ಮೇಲೆ ನಡೆದಿದ್ದು ಇನ್ನೂ ಸ್ವಾರಸ್ಯ. ಲಿಬರಲ್ ಪಕ್ಷದಲ್ಲಿ ಆಕಾಂಕ್ಷಿಗಳು ಹೆಚ್ಚಾದರು. ಟಿಕೆಟ್ ಯಾರಿಗೆ ಅಂತ ತೀರ್ಮಾನಿಸೋಕೆ ಪಕ್ಷದವರೇ ಒಂದು ಪೂರ್ವಭಾವಿ ಮತದಾನ ಇಟ್ಟುಕೊಂಡರು. ಕಾಗದದ ವ್ಯಾಪಾರಿ ಎಲೈಷಾ ರಾಬಿನ್‌ಸನ್ ಗೆದ್ದ, ಆಮೇಲೆ ಅಸಲಿ ಚುನಾವಣೆಯನ್ನೂ ಗೆದ್ದ. ಆದರೆ ಆ ಪೂರ್ವಭಾವಿ ಮತದಾನದಲ್ಲಿ ಅವನ ಕಡೆಯವರು ಲಂಚ ಕೊಟ್ಟಿದ್ದರು. ಪಕ್ಷದೊಳಗಿನ ಓಟಿಗೆ ಕೊಟ್ಟ ಲಂಚವೂ ಚುನಾವಣಾ ಲಂಚವೇ ಅಂತ ಕೋರ್ಟು ಹೇಳಿತು, ಸೀಟು ಹೋಯ್ತು. ಅಂದ್ರೆ ಒಂದೇ ವರ್ಷದಲ್ಲಿ ಎರಡು ಉಪಚುನಾವಣೆ.

ಸುಮ್ನೆ ಕೇಳ್ದೆ
ಟಿಕೆಟ್ ಹಂಚಿಕೆಯ ಲಂಚಕ್ಕೂ ಸೀಟು ಹೋಗುತ್ತಾ? ಇದನ್ನ ನಮ್ಮ ಕಡೆಯವರಿಗೆ ಯಾರೂ ಹೇಳಬೇಡಿ 😀

ದಾಖಲೆ ಪ್ರಿಯ
1885ಕ್ಕೆ ಇಬ್ಬರು ಎಂಪಿಗಳ ಪದ್ಧತಿ ಮುಗೀತು. ಊರನ್ನ ನಾಲ್ಕು ಮಾಡಿದರು: ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಒಂದೊಂದಕ್ಕೆ ಒಬ್ಬೊಬ್ಬ. 1918ರಲ್ಲಿ 'ಸೆಂಟ್ರಲ್' ಸೇರಿ ಐದು. 1950ಕ್ಕೆ ಆರು. ಆಮೇಲೆ ಇಳಿದು 1983ಕ್ಕೆ ಮತ್ತೆ ನಾಲ್ಕು. 2024ಕ್ಕೆ ಮತ್ತೆ ಐದು. ಕ್ಷೇತ್ರ ಪುನರ್ವಿಂಗಡಣೆ ಅಂದ್ರೆ ಅಲ್ಲೂ ರಾಜಕಾರಣಿಗಳಿಗೆ ನಿದ್ದೆ ಬರಲ್ಲ. ಅದನ್ನ ಟೋನಿ ಬೆನ್ ಅನ್ನೋ ಎಂಪಿಯ ವಿಷಯಕ್ಕೆ ಬಂದಾಗ ನೋಡೋಣ.

ಮಲ್ನಾಡ್ ಮಳೆ
ಹೆಂಗಸರ ಓಟಿನ ಕಥೆ ನಾನು ಹೇಳ್ತೀನಿ. ಬ್ರಿಸ್ಟಲ್ ಉತ್ತರದ ಎಂಪಿ ಆಗಸ್ಟೀನ್ ಬಿರೆಲ್, ಸಚಿವ. 1909ರ ಮೇ ತಿಂಗಳಲ್ಲಿ ಕೋಲ್‌ಸ್ಟನ್ ಹಾಲ್‌ನಲ್ಲಿ ಅವನ ಭಾಷಣ. ಹೆಂಗಸರು ಬಂದು ಗಲಾಟೆ ಮಾಡ್ತಾರೆ ಅಂತ ಬಾಗಿಲಲ್ಲಿ ಬಿಗಿ ಕಾವಲು. ವೇರಾ ಹೋಮ್ ಮತ್ತು ಎಲ್ಸಿ ಹೋವಿ ಅನ್ನೋ ಇಬ್ಬರು ಮೊದಲೇ ಒಳಗೆ ಸೇರಿಕೊಂಡು, ವೇದಿಕೆಯ ದೊಡ್ಡ ಆರ್ಗನ್ ವಾದ್ಯದೊಳಗೆ ಅಡಗಿ ಕೂತಿದ್ದರು! ಬಿರೆಲ್ ಬಾಯಿ ತೆಗೆದರೆ ಸಾಕು, 'ಹೆಂಗಸರಿಗೆ ಓಟು ಕೊಡಿ' ಅಂತ ಎಲ್ಲಿಂದಲೋ ಕೂಗು. ಎಲ್ಲಿಂದ ಅಂತ ಹುಡುಕೋಕೆ ಅವರಿಗೆ ಸಾಕಾಗಿಹೋಯ್ತು. ಅದೇ ವರ್ಷ ನವೆಂಬರ್‌ನಲ್ಲಿ ಟೆಂಪಲ್ ಮೀಡ್ಸ್ ರೈಲ್ವೆ ಸ್ಟೇಷನ್‌ನಲ್ಲಿ ತೆರೇಸಾ ಗಾರ್ನೆಟ್ ಅನ್ನೋವಳು ಚರ್ಚಿಲ್‌ಗೆ ಚಾಟಿ ಬೀಸಿದಳು.

1918ರಲ್ಲಿ 30 ದಾಟಿದ ಹೆಂಗಸರಿಗೆ, ಅದೂ ಷರತ್ತಿನ ಮೇಲೆ, ಓಟು ಬಂತು. ಬ್ರಿಸ್ಟಲ್‌ನಿಂದ ಮೊದಲ ಮಹಿಳಾ ಎಂಪಿ ಹೋಗಿದ್ದು ಮಾತ್ರ 1943ರಲ್ಲಿ, ಸೆಂಟ್ರಲ್ ಉಪಚುನಾವಣೆಯಲ್ಲಿ. ಲೇಡಿ ಆಪ್ಸ್ಲಿ. ಗಂಡ ಅಲ್ಲಿನ ಎಂಪಿ, ಯುದ್ಧದಲ್ಲಿ ತೀರಿಕೊಂಡಿದ್ದ. ಆಕೆ ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡು ಗಾಲಿಕುರ್ಚಿಯಲ್ಲಿದ್ದರು. ಗಂಡನ ಸೀಟು ಹೆಂಡತಿಗೆ, ಅನುಕಂಪದ ಓಟು ಅಂತ ನೀವು ಹೇಳಬಹುದು. ಎದುರಿಗೆ ಸೋತವರೂ ಹೆಂಗಸೇ, ಹಿಂದೆ ಎಂಪಿ ಆಗಿದ್ದ ಜೆನ್ನಿ ಲೀ. ಸಾಮಾನ್ಯ ಎದುರಾಳಿ ಅಲ್ಲ.

ಮೈಸೂರು ಮೇಷ್ಟ್ರು
ಇನ್ನೊಂದು ಚೂರು. 1950ರವರೆಗೆ ಅಲ್ಲಿ ಪದವೀಧರರಿಗೆ ಎರಡನೇ ಓಟಿತ್ತು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಪದವೀಧರರು 'ಸಂಯುಕ್ತ ಇಂಗ್ಲಿಷ್ ವಿಶ್ವವಿದ್ಯಾಲಯಗಳ' ಕ್ಷೇತ್ರಕ್ಕೆ ಸೇರುತ್ತಿದ್ದರು. ಎಲೀನರ್ ರಾಥ್‌ಬೋನ್ ಅಲ್ಲಿಂದ ಗೆದ್ದು ಬಂದವರು. ಭಾರತದ ಬಾಲ್ಯವಿವಾಹದ ಬಗ್ಗೆ ಸದನದ ಒಳಗೂ ಹೊರಗೂ ಗದ್ದಲ ಎಬ್ಬಿಸಿದವರು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಹೆಸರು ಸೇರಿಸೋಕೆ ಡಿಗ್ರಿ ಸರ್ಟಿಫಿಕೇಟ್ ಜೆರಾಕ್ಸ್ ಹಿಡಿದು ಸಾಲಿನಲ್ಲಿ ನಿಂತವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ.

ಲೆಕ್ಕದ ಪುಸ್ತಕ
ಕ್ರಿಪ್ಸ್ ಆಯೋಗದ ಕ್ರಿಪ್ಸ್ ಕೂಡ ಬ್ರಿಸ್ಟಲ್‌ನವರಂತೆ, ಹೌದಾ?

ದಾಖಲೆ ಪ್ರಿಯ
ಹೌದು. ಹೈಸ್ಕೂಲು ಸಮಾಜ ಪುಸ್ತಕದ ಅದೇ ಸ್ಟಾಫರ್ಡ್ ಕ್ರಿಪ್ಸ್. ಬ್ರಿಸ್ಟಲ್ ಪೂರ್ವದ ಎಂಪಿ, 1931ರಿಂದ 1950ರವರೆಗೆ. 1931ರಲ್ಲಿ ಇಡೀ ದೇಶದಲ್ಲಿ ಲೇಬರ್ ಪಕ್ಷ ನೆಲ ಕಚ್ಚಿದಾಗಲೂ ಇವರು ಕೂದಲೆಳೆ ಅಂತರದಲ್ಲಿ ಉಳಿದುಕೊಂಡರು. 1939ರಲ್ಲಿ ಪಕ್ಷ ಇವರನ್ನ ಉಚ್ಚಾಟಿಸಿತು. ಹಾಗಾಗಿ 1942ರ ಮಾರ್ಚ್‌ನಲ್ಲಿ ದೆಹಲಿಗೆ ಬಂದಾಗ ಕ್ರಿಪ್ಸ್ ಯಾವ ಪಕ್ಷಕ್ಕೂ ಸೇರದ ಎಂಪಿ, ಜೊತೆಗೆ ಚರ್ಚಿಲ್‌ರ ಯುದ್ಧ ಸಂಪುಟದ ಸದಸ್ಯ. ಬರ್ಕ್ ಕೇಳಿದ ಸ್ವಾತಂತ್ರ್ಯ ಪೂರ್ತಿಯಾಗಿ ಸಿಕ್ಕಿದ್ದು ಇವರಿಗೇ ಇರಬೇಕು.

ಅವರ ಪ್ರಸ್ತಾಪದಲ್ಲಿ ನಮಗೆ ಸಂಬಂಧಪಟ್ಟ ಒಂದು ಸಾಲಿದೆ. ಯುದ್ಧ ಮುಗಿದ ಮೇಲೆ ಸಂವಿಧಾನ ಬರೆಯೋ ಸಭೆಗೆ ಪ್ರಾಂತ್ಯಗಳಿಂದ ಚುನಾಯಿತರು ಬರ್ತಾರೆ, ಸಂಸ್ಥಾನಗಳಿಂದ ಮಾತ್ರ ನೇಮಕ ಆದವರು. ಅಂದ್ರೆ ಧಾರವಾಡ, ಮಂಗಳೂರಿನವರಿಗೆ ಬೊಂಬಾಯಿ, ಮದ್ರಾಸು ಶಾಸನಸಭೆಗಳ ಮೂಲಕ ಒಂದು ದಾರಿ, ಮೈಸೂರಿನವರಿಗೆ ಅರಮನೆಯ ನೇಮಕ, ಕಲಬುರಗಿಯವರಿಗೆ ನಿಜಾಮನ ನೇಮಕ. ಒಂದೇ ಭಾಷೆಯವರಿಗೆ ಮೂರು ಥರದ ಪ್ರತಿನಿಧಿ! ಪ್ರಸ್ತಾಪ ಬಿದ್ದುಹೋಯ್ತು. 1946ರಲ್ಲಿ ಸಂಪುಟ ನಿಯೋಗದ ಜೊತೆ ಕ್ರಿಪ್ಸ್ ಮತ್ತೆ ಬಂದರು.

1950ರಲ್ಲಿ ಅನಾರೋಗ್ಯದಿಂದ ರಾಜೀನಾಮೆ ಕೊಟ್ಟಾಗ ಅವರ ಜಾಗಕ್ಕೆ, ಆಗ ಬ್ರಿಸ್ಟಲ್ ಆಗ್ನೇಯ ಅಂತ ಹೆಸರು, ಟೋನಿ ಬೆನ್ ಬಂದರು. 25ರ ಹುಡುಗ. ಅಪ್ಪ ವೆಜ್‌ವುಡ್ ಬೆನ್, 1929ರಿಂದ 31ರವರೆಗೆ ಭಾರತ ಮಂತ್ರಿ. ದಂಡಿ ಸತ್ಯಾಗ್ರಹ, ಮೊದಲ ದುಂಡು ಮೇಜಿನ ಸಭೆ ಎಲ್ಲ ಅವರ ಕಾಲದಲ್ಲೇ.

ಮುಂದೆ ಅಪ್ಪನಿಗೆ ವೈಕೌಂಟ್ ಪದವಿ ಸಿಕ್ಕಿತ್ತು, ಅಪ್ಪನಿಂದ ಮಗನಿಗೆ ಬರೋ ಲಾರ್ಡ್ ಪದವಿ. 1960ರ ನವೆಂಬರ್ 17ರಂದು ಅಪ್ಪ ತೀರಿಕೊಂಡ ಗಳಿಗೆಯಲ್ಲೇ ಮಗ ವೈಕೌಂಟ್ ಆಗಿಬಿಟ್ಟ. ವೈಕೌಂಟ್ ಆದವನು ಲಾರ್ಡ್ಸ್‌ಗೆ ಹೋಗಬೇಕು, ಎಂಪಿಗಳ ಸಭೆಯಾದ ಕಾಮನ್ಸ್‌ನಲ್ಲಿ ಕೂರೋ ಹಾಗಿಲ್ಲ. ಬೇಡ ಅನ್ನೋಕೂ ಕಾನೂನಿಲ್ಲ. ಬೆನ್ ಬಿಡಲಿಲ್ಲ. 1961ರ ಮೇ 4ರ ಉಪಚುನಾವಣೆಗೆ ತಾವೇ ನಿಂತರು. ಬೆನ್‌ಗೆ 23,275 ಓಟು. ಎದುರಾಳಿ ಮಾಲ್ಕಮ್ ಸೇಂಟ್ ಕ್ಲೇರ್‌ಗೆ 10,231. ಗೆದ್ದವರನ್ನ ಸದನದ ಬಾಗಿಲಲ್ಲೇ ತಡೆದರು. ಇವನು ಅನರ್ಹ ಅಂತ ಗೊತ್ತಿದ್ದೂ ಓಟು ಹಾಕಿದ್ದೀರಿ, ಆ ಓಟೆಲ್ಲ ವ್ಯರ್ಥ ಅಂತ ಚುನಾವಣಾ ಕೋರ್ಟು ಹೇಳಿ, ಅರ್ಧಕ್ಕಿಂತ ಕಮ್ಮಿ ಓಟು ಪಡೆದವನಿಗೆ ಸೀಟು ಕೊಟ್ಟಿತು. ತಮಾಷೆ ಅಂದ್ರೆ ಸೇಂಟ್ ಕ್ಲೇರ್ ಕೂಡ ಒಂದು ಲಾರ್ಡ್ ಪದವಿಗೆ ವಾರಸುದಾರ!

1963ರ ಜುಲೈ 31ರಂದು, ಇಂಥ ಲಾರ್ಡ್ ಪದವಿಯನ್ನ ಬಿಟ್ಟುಕೊಡೋಕೆ ಅವಕಾಶ ಕೊಟ್ಟ ಪಿಯರೇಜ್ ಕಾಯ್ದೆ ಬಂತು. ಅವತ್ತೇ ಸಂಜೆ ಬೆನ್ ಪದವಿ ಬಿಸಾಕಿದರು. ಸೇಂಟ್ ಕ್ಲೇರ್ ಮಾತಿನಂತೆ ರಾಜೀನಾಮೆ ಕೊಟ್ಟು ಜಾಗ ಬಿಟ್ಟರು, ಅದನ್ನ ಮೆಚ್ಚಬೇಕು. ಆಗಸ್ಟ್ 20ಕ್ಕೆ ಬೆನ್ ಮತ್ತೆ ಎಂಪಿ. ಎರಡೇ ತಿಂಗಳಿಗೆ ಲಾರ್ಡ್ ಹ್ಯೂಮ್ ಇದೇ ಕಾಯ್ದೆ ಬಳಸಿ ಪದವಿ ಬಿಟ್ಟು, ಪ್ರಧಾನಿಯಾಗಿ ಕಾಮನ್ಸ್‌ಗೆ ಬಂದರು. ಬ್ರಿಸ್ಟಲ್‌ನ ಒಂದು ಕ್ಷೇತ್ರದ ಹಟದಿಂದ ಬಂದ ಕಾನೂನು ಅದು. ಈ ಇಡೀ ಇತಿಹಾಸದಲ್ಲಿ ಊರಿಗೂ ಎಂಪಿಗೂ ಒಂದೇ ಮಾತು ಇದ್ದದ್ದು ಇಲ್ಲಿ, ಅಡ್ಡ ನಿಂತಿದ್ದು ಕಾನೂನು ಮಾತ್ರ. ನನಗೆ ಬರ್ಕ್ ಭಾಷಣಕ್ಕಿಂತ ಇದು ಜಾಸ್ತಿ ಇಷ್ಟ.

ಏವನ್ ತೀರ
ಅದೇ 1963ರ ಬೇಸಿಗೆಯಲ್ಲಿ ಇಲ್ಲಿ ಬಸ್ ಬಹಿಷ್ಕಾರ ನಡೀತು. ಕಪ್ಪು ಜನರನ್ನ, ಏಷ್ಯಾದವರನ್ನ ಕಂಡಕ್ಟರ್, ಡ್ರೈವರ್ ಕೆಲಸಕ್ಕೆ ತಗೊಳ್ತಿರಲಿಲ್ಲ. ಪಾಲ್ ಸ್ಟೀಫನ್‌ಸನ್ ಮತ್ತು ಜೊತೆಗಾರರು ಬಸ್ ಹತ್ತಬೇಡಿ ಅಂತ ಕರೆ ಕೊಟ್ಟರು. ಬೆನ್ ಬೆಂಬಲಿಸಿದರು, ಸೈಕಲ್ ಹುಡುಕಿಕೊಂಡಾದರೂ ಸರಿ ಬಸ್ ಹತ್ತಲ್ಲ ಅಂದರು. ದಾಖಲೆ ಪ್ರಿಯ ಅವರ ತಾರೀಖು ನೋಡಿದರೆ, ಆ ಹೊತ್ತಿನಲ್ಲಿ ಬೆನ್ ಕಾಗದದ ಮೇಲೆ ಎಂಪಿಯೇ ಅಲ್ಲ! ಆಗಸ್ಟ್ 28ಕ್ಕೆ ಕಂಪನಿ ಮಣಿಯಿತು. ಸೆಪ್ಟೆಂಬರ್‌ನಲ್ಲಿ ಮೊದಲು ಕೆಲಸಕ್ಕೆ ಸೇರಿದ ಬಿಳಿಯರಲ್ಲದ ಕಂಡಕ್ಟರ್ ರಘಬೀರ್ ಸಿಂಗ್, ಸಿಖ್ಖರು.

ಸುಮ್ನೆ ಕೇಳ್ದೆ
ಬೆನ್ ಕೊನೆವರೆಗೂ ಅಲ್ಲೇ ಗೆದ್ದರಾ?

ದಾಖಲೆ ಪ್ರಿಯ
ಇಲ್ಲ. 1983ರಲ್ಲಿ ಅವರ ಕ್ಷೇತ್ರವನ್ನೇ ಅಳಿಸಿ ಹೊಸ ಗೆರೆ ಎಳೆದರು. ಬ್ರಿಸ್ಟಲ್ ಪೂರ್ವದಿಂದ ನಿಂತು ಸೋತರು. ಕಾನೂನು ಮಾಡಲಾಗದ್ದನ್ನ ನಕ್ಷೆ ಮಾಡಿತು. ಮುಂದಿನ ವರ್ಷ ಚೆಸ್ಟರ್‌ಫೀಲ್ಡ್‌ನಿಂದ ಸದನಕ್ಕೆ ವಾಪಸ್ ಬಂದರು.

ಲೆಕ್ಕದ ಪುಸ್ತಕ
ಏವನ್ ತೀರ ಅವರೇ, ಭಾರತದ ಪಾಸ್‌ಪೋರ್ಟ್ ಇದ್ದರೂ ಅಲ್ಲಿ ಓಟು ಹಾಕಬಹುದಂತೆ, ನಿಜವಾ?

ಏವನ್ ತೀರ
ನಿಜ. ವೀಸಾ ಮೇಲೆ ಇಲ್ಲಿ ವಾಸ ಇರೋ ಕಾಮನ್‌ವೆಲ್ತ್ ದೇಶದವರು ಹೆಸರು ನೋಂದಾಯಿಸಿದರೆ ಪಾರ್ಲಿಮೆಂಟ್ ಚುನಾವಣೆಗೂ ಓಟಿದೆ. ತುಂಬಾ ಕನ್ನಡಿಗರಿಗೆ ಇದು ಗೊತ್ತೇ ಇಲ್ಲ. 2024ರ ಜುಲೈ 4, ಗುರುವಾರ ನಾನು ಹಾಕಿದೆ. ರಜೆ ಗಿಜೆ ಏನಿಲ್ಲ, ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಮತಗಟ್ಟೆ ತೆರೆದಿರುತ್ತೆ. ಫೋಟೋ ಇರೋ ಗುರುತಿನ ಚೀಟಿ ತೋರಿಸಿದೆ. ಉದ್ದನೆಯ ಕಾಗದ ಕೊಟ್ಟರು. ಮರೆಯಲ್ಲಿ ದಾರ ಕಟ್ಟಿದ ಒಂದು ಮೊಂಡು ಪೆನ್ಸಿಲ್. ಗುಣಿಸು ಗುರುತು ಹಾಕಿ, ಮಡಚಿ ಡಬ್ಬಿಗೆ. ಇವಿಎಂ ಇಲ್ಲ, ಬೆರಳಿಗೆ ಶಾಯಿ ಇಲ್ಲ. ಮನೆಗೆ ಫೋಟೋ ಕಳಿಸೋಕೆ ಏನೂ ಇಲ್ಲದೆ ಬೇಜಾರಾಯ್ತು.

ಆ ಸಲ ಹೊಸ ಬ್ರಿಸ್ಟಲ್ ಸೆಂಟ್ರಲ್‌ನಲ್ಲಿ ಗ್ರೀನ್ ಪಕ್ಷದ ಕಾರ್ಲಾ ಡೆನಿಯರ್ 10 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಇಡೀ ದೇಶ ಲೇಬರ್ ಕಡೆ ವಾಲಿದ ದಿನ, ಲೇಬರ್‌ನ ತಂಗಂ ಡೆಬನೇರ್ ಇಲ್ಲಿ ಸೋತರು. ಅಪ್ಪನ ಕಡೆಯಿಂದ ಭಾರತ, ಶ್ರೀಲಂಕಾದ ತಮಿಳು ಮೂಲ ಅವರದು. ಗೆದ್ದಿದ್ದರೆ ಮಂತ್ರಿ ಆಗೋರು.

ಮೈಸೂರು ಮೇಷ್ಟ್ರು
ಮಂತ್ರಿ ಆಗೋರನ್ನ ಮನೆಗೆ ಕಳಿಸೋದು ಆ ಊರಿಗೆ ಹಳೇ ಅಭ್ಯಾಸ. ಆದರೂ ಬರ್ಕ್ ಕೇಳಿದ್ದು ಎಂಪಿಯ ಸ್ವಂತ ಬುದ್ಧಿಗೆ ಜಾಗ. ಈಗ ಅದನ್ನ ಕಿತ್ತುಕೊಂಡಿರೋದು ಮತದಾರರಲ್ಲ, ಪಕ್ಷದ ವಿಪ್. ಅಲ್ಲಿ ವಿಪ್ ಮೀರಿದರೆ ಪಕ್ಷದಿಂದ ಹೊರಗೆ ಹಾಕಬಹುದು, ಸೀಟು ಹೋಗಲ್ಲ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧದ ನಂತರ ಸೀಟೇ ಹೋಗಬಹುದು.

ಮಲ್ನಾಡ್ ಮಳೆ
ವಿಪ್ ಇಲ್ಲದಿದ್ದರೆ ನಮ್ಮವರು ಸ್ವಂತ ಬುದ್ಧಿಯಿಂದ ರೆಸಾರ್ಟಿಗೆ ಹೋಗ್ತಾರೆ ಮೇಷ್ಟ್ರೇ.

ಮೈಸೂರು ಮೇಷ್ಟ್ರು
😀 ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ತಾಯಿ.

ಲೆಕ್ಕದ ಪುಸ್ತಕ
1774ರಲ್ಲಿ ಯಾರು ಯಾರಿಗೆ ಹಾಕಿದರು ಅನ್ನೋದರ ಪಟ್ಟಿ ಉಳಿದಿದೆಯಾ? ಬಹಿರಂಗ ಓಟು ಅಂದ ಮೇಲೆ ಇರಬೇಕಲ್ಲ.

ದಾಖಲೆ ಪ್ರಿಯ
ಇದೆ. ಪೋಲ್ ಬುಕ್ ಅಂತ ಅಚ್ಚು ಹಾಕಿ ಮಾರ್ತಿದ್ದರು. ಮತದಾರನ ಹೆಸರು, ಕಸುಬು, ಯಾವ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಬಡಾವಣೆ), ಯಾರಿಗೆ ಹಾಕಿದ. ಪೀಪಾಯಿ ಮಾಡೋರು, ಹಡಗಿನ ಬಡಗಿಗಳು, ಸಾಬೂನು ಕುದಿಸೋರು, ಸಕ್ಕರೆ ಕಾಯಿಸೋರು, ಎಲ್ಲ ಸಾಲಾಗಿ. ಕ್ರೂಗರ್ ಜೊತೆ ಬರ್ಕ್‌ಗೂ ಹಾಕಿದವರು ಯಾರು, ಕ್ರೂಗರ್‌ಗೆ ಮಾತ್ರ ಹಾಕಿ ಇನ್ನೊಂದು ಓಟನ್ನ ಹಾಗೇ ಬಿಟ್ಟವರು ಯಾರು ಅಂತ ಕಸುಬಿನ ಪ್ರಕಾರ ಎಣಿಸಬಹುದು. ಸಾಲ ಕೊಟ್ಟ ಅಂಗಡಿಯವರು ನಿಜವಾಗಿ ಯಾವ ಕಡೆ ಇದ್ದರು ಅಂತ ನೋಡೋ ಆಸೆ ನನಗೆ.

ಏವನ್ ತೀರ
ಹಳೇ ತಂಬಾಕು ಗೋದಾಮಿನಲ್ಲಿ ಬ್ರಿಸ್ಟಲ್ ಆರ್ಕೈವ್ಸ್ ಇದೆ, ನನ್ನ ಆಫೀಸಿನಿಂದ ನಡೆದು ಹೋಗೋ ದೂರ. ಯಾವ ಪ್ಯಾರಿಷ್ ಬೇಕು ಅಂತ ಮೆಸೇಜ್ ಹಾಕಿ, ಓದುವ ಕೋಣೆಯಲ್ಲಿ ಫೋಟೋ ತೆಗೆಯೋಕೆ ಬಿಡ್ತಾರಾ ಅಂತ ಮೊದಲು ಕೇಳಿಕೊಂಡು ಬರ್ತೀನಿ.

ದಾಖಲೆ ಪ್ರಿಯ
ರೆಡ್‌ಕ್ಲಿಫ್‌ನಿಂದ ಶುರು ಮಾಡೋಣ. ಬಂದರಿನವರೂ ವ್ಯಾಪಾರಿಗಳೂ ಅಲ್ಲಿ ಒಟ್ಟಿಗೇ ಸಿಗ್ತಾರೆ. 1754ರದ್ದೂ ಇದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.